ಭಾವನ ಬಿಯರ್ ಪೀಪಾಯಿಗೆ ನನ್ನ ಬಿಇ ಲೆಕ್ಕ

ಬಿಯರ್ ಅಂದ ಕೂಡಲೇ ಪುಟ ತಿರುಗಿಸಬೇಡಿ. ನಾನು ಕುಡಿಯುವವಳಲ್ಲ, ನಿಮಗೆ ಕುಡಿಯಲು ಹೇಳುವವಳೂ ಅಲ್ಲ. ವಯಸ್ಸು 20, ಓದುತ್ತಿರುವುದು ಬಿಇ ಮೆಕ್ಯಾನಿಕಲ್, ಆರನೇ ಸೆಮಿಸ್ಟರ್. ನಮ್ಮ ಕ್ಲಾಸಿನ ಹುಡುಗಿಯರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಊರಿಗೆ ಹೋದಾಗಲೆಲ್ಲ ನೆಂಟರದ್ದು ಒಂದೇ ಪ್ರಶ್ನೆ: "ಮೆಕ್ಯಾನಿಕಲ್ ಓದಿ ಏನು ಮಾಡ್ತೀಯೇ?" ಈ ಸಲದ ರಜೆಯಲ್ಲಿ ನಾನು ಮಾಡಿದ್ದು ಇದು: ಅಮೆರಿಕದಲ್ಲಿರುವ ಭಾವ ತಾವೇ ಮನೆಯಲ್ಲಿ ಮಾಡುವ ಬಿಯರ್ ತುಂಬಿಡಲು ಕಡಿಮೆ ದುಡ್ಡಿನಲ್ಲಿ ಒಂದು ಪೀಪಾಯಿ ಸೆಟ್ ಕೊಳ್ಳಲು ಹೊರಟಿದ್ದರು. ನಾನು ಶಿವಮೊಗ್ಗದಲ್ಲಿ ಕೂತು ಅದರ ಲೆಕ್ಕ ಹಾಕಿಕೊಟ್ಟೆ.

ಹಾಗೆ ಲೆಕ್ಕ ಹಾಕುತ್ತಾ ಸಿಕ್ಕಿದ ಒಂದು ಸೂತ್ರ ಸೆಕೆಂಡ್ ಹ್ಯಾಂಡ್ ಬೈಕಿನಿಂದ ಹಿಡಿದು ಲ್ಯಾಪ್‌ಟಾಪ್‌ವರೆಗೆ ಎಲ್ಲಕ್ಕೂ ಹೊಂದುತ್ತದೆ. ಅದನ್ನು ಹೇಳಲಿಕ್ಕೇ ಈ ಬರಹ.

ಐವತ್ತು ಬಾಟಲಿಯ ಶನಿವಾರ

ಅಕ್ಕ, ಭಾವ ಇರುವುದು ಓಹಿಯೋ ರಾಜ್ಯದ ಕೊಲಂಬಸ್‌ನಲ್ಲಿ. ಸಣ್ಣ ಬಾಡಿಗೆ ಮನೆ, ಏಳು ತಿಂಗಳ ಮಗಳು, ಒಬ್ಬರದೇ ಸಂಬಳ. ಭಾವನಿಗೆ ಇರುವ ಹವ್ಯಾಸ ಒಂದೇ. ತಿಂಗಳಿಗೊಮ್ಮೆ ಬಾರ್ಲಿ ಮಾಲ್ಟ್, ಹಾಪ್ಸ್ ಹೂವು, ಯೀಸ್ಟ್ ತಂದು ಬಿಯರ್ ಕಾಯಿಸುವುದು. ಅಲ್ಲಿ ಅದು ಕಾನೂನುಬದ್ಧ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಮನೆಬಳಕೆಯ ಬಿಯರ್ ಮೇಲಿನ ತೆರಿಗೆಯನ್ನು ತೆಗೆಯಿತು. 1979ರ ಫೆಬ್ರುವರಿಯಿಂದ ಅದು ಜಾರಿಗೆ ಬಂತು. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರ್ ದಾಟುವಷ್ಟು ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಆದರೂ ರಾಜ್ಯಗಳು ಒಂದೊಂದಾಗಿ ಒಪ್ಪಬೇಕಿತ್ತು. ಕೊನೆಯ ಎರಡು ರಾಜ್ಯಗಳಾದ ಅಲಬಾಮಾ ಮತ್ತು ಮಿಸಿಸಿಪಿ ಒಪ್ಪಿದ್ದು 2013ರಲ್ಲಿ.

ನಮ್ಮಲ್ಲಿ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಹಾಸ್ಟೆಲ್ ರೂಮಿನಲ್ಲಿ ಕೊಡ ಇಟ್ಟು ಪ್ರಯೋಗ ಮಾಡುವ ಯೋಚನೆ ಯಾರಿಗಾದರೂ ಬಂದಿದ್ದರೆ ಇಲ್ಲೇ ಬಿಟ್ಟುಬಿಡಿ.

ಭಾವನ ಕಷ್ಟ ಬಿಯರ್ ಕಾಯಿಸುವುದರಲ್ಲಿ ಇರಲಿಲ್ಲ, ಅದನ್ನು ತುಂಬಿಡುವುದರಲ್ಲಿತ್ತು. ಒಂದು ಸಲಕ್ಕೆ ಅವರು ಮಾಡುವುದು 5 ಗ್ಯಾಲನ್, ಸುಮಾರು 19 ಲೀಟರ್. ಅದಕ್ಕೆ ಐವತ್ತಕ್ಕೂ ಹೆಚ್ಚು ಬಾಟಲಿ ಬೇಕು. ಪ್ರತಿಯೊಂದನ್ನೂ ತೊಳೆದು, ಕ್ರಿಮಿಶುದ್ಧಿ ಮಾಡಿ, ಸಕ್ಕರೆ ಬೆರೆಸಿದ ಬಿಯರ್ ತುಂಬಿ, ಮುಚ್ಚಳ ಒತ್ತಿ, ಗ್ಯಾಸ್ ಹುಟ್ಟಲು ಎರಡು ವಾರ ಕಾಯಬೇಕು. ಒಂದೇ ಸಿಂಕ್‌ನಲ್ಲಿ ಮಗುವಿನ ಹಾಲಿನ ಬಾಟಲಿಯೂ ಬಿಯರ್ ಬಾಟಲಿಯೂ ಸಾಲು ನಿಂತಾಗ ಅಕ್ಕ ತೀರ್ಪು ಕೊಟ್ಟಳು: "ಇದು ನಿಲ್ಲಬೇಕು, ಇಲ್ಲಾ ಬೇರೆ ದಾರಿ ನೋಡಬೇಕು. ದುಡ್ಡು 250 ಡಾಲರ್ ದಾಟಬಾರದು."

ಬೇರೆ ದಾರಿ ಅಂದರೆ ಕೆಗ್. ಒಂದೇ ದೊಡ್ಡ ಸ್ಟೀಲ್ ಪೀಪಾಯಿಗೆ ಬಿಯರ್ ತುಂಬಿ, ಸಿಲಿಂಡರ್‌ನಿಂದ ಕಾರ್ಬನ್ ಡೈಆಕ್ಸೈಡ್ ಕೊಟ್ಟು, ನಲ್ಲಿಯಲ್ಲಿ ಬಗ್ಗಿಸಿಕೊಳ್ಳುವುದು. ತೊಳೆಯಬೇಕಾದ ಪಾತ್ರೆ ಒಂದೇ. ಆದರೆ ಅಂಗಡಿಯಲ್ಲಿ ಹೊಸ ಸೆಟ್ಟಿನ ಬೆಲೆ ಮುನ್ನೂರು ಡಾಲರ್ ದಾಟಿತ್ತು. ಭಾವ ನನಗೆ ಫೋನ್ ಮಾಡಿದರು. "ನೀನು ಮೆಕ್ಯಾನಿಕಲ್ ಅಲ್ವಾ ಮಾರಾಯ್ತಿ, ಹಳೇ ಸಾಮಾನು ತಗೊಂಡ್ರೆ ಏನಾದ್ರೂ ಆಗ್ತದಾ ನೋಡಿ ಹೇಳು."

ಪೆಪ್ಸಿ, ಕೋಕ್ ಬಿಟ್ಟುಹೋದ ಆಸ್ತಿ

ಹುಡುಕುತ್ತಾ ಹೋದಂತೆ ಒಂದು ಒಳ್ಳೆಯ ಕಥೆ ಸಿಕ್ಕಿತು. ಅಲ್ಲಿನ ಮನೆಬಿಯರಿನವರೆಲ್ಲ ಬಳಸುವ ಪೀಪಾಯಿ ಬಿಯರಿಗಾಗಿ ಹುಟ್ಟಿದ್ದೇ ಅಲ್ಲ. ಅದು ಕೂಲ್‌ಡ್ರಿಂಕ್ಸ್ ಕಂಪನಿಗಳ ಡಬ್ಬಿ. ಹೋಟೆಲು, ಸಿನಿಮಾ ಮಂದಿರಗಳ ಸೋಡಾ ಯಂತ್ರಗಳಿಗೆ ಸಿರಪ್ ಸಾಗಿಸಲು ಇದನ್ನು ಬಳಸುತ್ತಿದ್ದರು. ಕಾರ್ನೀಲಿಯಸ್ ಅನ್ನುವ ಕಂಪನಿಯ ಹೆಸರಿನಿಂದ ಜನ ಇದನ್ನು ಪ್ರೀತಿಯಿಂದ 'ಕಾರ್ನಿ ಕೆಗ್' ಅನ್ನುತ್ತಾರೆ. ಮುಂದೆ ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲ ಇಟ್ಟು ಸಿರಪ್ ಕಳಿಸುವ ಪದ್ಧತಿ ಬಂತು. ತೊಳೆಯುವ, ವಾಪಸ್ ತರುವ ತಲೆನೋವು ಇಲ್ಲದ್ದರಿಂದ ಕಂಪನಿಗಳು ಅದಕ್ಕೇ ಹೊರಳಿಕೊಂಡವು. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳು ರಾಶಿರಾಶಿಯಾಗಿ ಗುಜರಿಗೆ ಬಂದಾಗ ಮನೆಬಿಯರಿನವರು ಅವನ್ನು ಎತ್ತಿಕೊಂಡರು.

ಈಗ ಆ ರಾಶಿ ಕರಗುತ್ತಾ ಬಂದಿದೆ. ಹೊಸ ಹಳೆಯ ಡಬ್ಬಿಗಳು ಹುಟ್ಟುವುದಿಲ್ಲವಲ್ಲ! ಹಾಗಾಗಿ ಹಿಂದಿನಷ್ಟು ಅಗ್ಗಕ್ಕೆ ಸಿಗುವುದಿಲ್ಲ. ಆದರೂ ಹೊಸದಕ್ಕಿಂತ ಕಡಿಮೆ.

ಇದರಲ್ಲಿ ಎರಡು ಜಾತಿ. ಪೆಪ್ಸಿ ಬಳಸುತ್ತಿದ್ದದ್ದು 'ಬಾಲ್ ಲಾಕ್', ಕೋಕಾಕೋಲಾ ಬಳಸುತ್ತಿದ್ದದ್ದು 'ಪಿನ್ ಲಾಕ್'. ಒಂದರ ಕನೆಕ್ಟರ್ ಇನ್ನೊಂದಕ್ಕೆ ಕೂರುವುದಿಲ್ಲ. ಬಾಲ್ ಲಾಕ್ ಎತ್ತರ, ಸುಮಾರು 63 ಸೆಂಟಿಮೀಟರ್. ಪಿನ್ ಲಾಕ್ ಅದಕ್ಕಿಂತ ಗಿಡ್ಡ, ಸ್ವಲ್ಪ ದಪ್ಪ. ಹಾಗಾಗಿ ಡಬ್ಬಿ ಕೊಳ್ಳುವ ಮೊದಲು ಫ್ರಿಜ್ಜಿನ ಒಳಗೆ ಟೇಪ್ ಹಿಡಿಯಬೇಕು. ಯೀಸ್ಟ್ ಕೆಲಸ ಮಾಡುವಾಗ ತಂಪು ಕಾಯಲು ಭಾವ ಒಂದು ಹಳೆ ಫ್ರಿಜ್ ಇಟ್ಟುಕೊಂಡಿದ್ದರು. ಒಳಗಿನ ತಟ್ಟೆಗಳನ್ನು ತೆಗೆದು, ಹಿಂದೆ ಕಂಪ್ರೆಸರ್ ಉಬ್ಬಿರುವ ಜಾಗ ಬಿಟ್ಟು ಅಳೆದರೆ 66 ಸೆಂಟಿಮೀಟರ್ ಸಿಕ್ಕಿತು. ಬಾಲ್ ಲಾಕ್ ಅಂತ ತೀರ್ಮಾನವಾಯಿತು. ಬಾಲ್ ಲಾಕ್ ಮುಚ್ಚಳದ ಮೇಲೆ ಎಳೆದರೆ ಒತ್ತಡ ಬಿಡುವ ಉಂಗುರ ಇರುತ್ತದೆ. ಅನೇಕ ಪಿನ್ ಲಾಕ್ ಮುಚ್ಚಳಗಳಲ್ಲಿ ಅದು ಇರುವುದಿಲ್ಲ. ಅದೂ ಒಂದು ಲಾಭ.

ಮುಚ್ಚಳದ ವಿನ್ಯಾಸ ನೋಡಿ ನನಗೆ ಖುಷಿಯಾಯಿತು. ನಮ್ಮ ಹಾಕಿನ್ಸ್ ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಳ ಒಳಗಿನಿಂದ ಬಂದು ಬಾಯಿಗೆ ಒತ್ತಿಕೊಳ್ಳುತ್ತದೆ, ಒಳಗೆ ಆವಿ ಇರುವವರೆಗೆ ತೆಗೆಯಲು ಬರುವುದಿಲ್ಲ. ಕಾರ್ನಿ ಕೆಗ್ಗಿನ ಮೊಟ್ಟೆಯಾಕಾರದ ಮುಚ್ಚಳವೂ ಹಾಗೇ. ಗ್ಯಾಸಿನ ಒತ್ತಡವೇ ಅದನ್ನು ರಬ್ಬರ್ ರಿಂಗಿಗೆ ಒತ್ತಿ ಹಿಡಿಯುತ್ತದೆ. ಗೋಲಿ ಸೋಡಾದಲ್ಲಿ ಗೋಲಿ ಕುತ್ತಿಗೆಯ ರಬ್ಬರಿಗೆ ಅಂಟಿಕೊಂಡು ನಿಲ್ಲುವುದೂ ಇದೇ ತತ್ವದಿಂದ.

ಯಾವುದು ಹಳೆಯದು, ಯಾವುದು ಹೊಸದು?

ಕಾಗದದ ಮೇಲೆ ಇಡೀ ಸೆಟ್ಟನ್ನು ಬಿಡಿಬಿಡಿಯಾಗಿ ಬರೆದೆ: ಪೀಪಾಯಿ, ರಬ್ಬರ್ ರಿಂಗ್, ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್, ಎರಡು ಕನೆಕ್ಟರ್, ಬಿಯರ್ ಕೊಳವೆ, ನಲ್ಲಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿಕೊಂಡೆ: ಇದು ಸರಿಯಿದೆಯೋ ಇಲ್ಲವೋ ಅಂತ ಭಾವ ಮನೆಯಲ್ಲೇ ಪರೀಕ್ಷಿಸಬಲ್ಲರೇ? ಪರೀಕ್ಷಿಸಲು ಆಗುವುದನ್ನು ಹಳೆಯದು ಕೊಳ್ಳೋಣ. ಆಗದ್ದನ್ನು ಹೊಸದು ಕೊಳ್ಳೋಣ. ನನ್ನ ಸೂತ್ರ ಇಷ್ಟೇ.

ಪೀಪಾಯಿ ಪರೀಕ್ಷಿಸಬಹುದು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಒಳಗೆ ತುಕ್ಕಿನ ಚುಕ್ಕೆ, ಕುಳಿ ಇದ್ದರೆ ಕಾಣುತ್ತದೆ. ಹೊರಗಿನ ಗೀರು, ಅಂಟಿಸಿದ ಹಳೆ ಸ್ಟಿಕ್ಕರ್ ಲೆಕ್ಕಕ್ಕಿಲ್ಲ. ಮುಚ್ಚಳ ಕೂರುವ ಬಾಯಿ ಸೊಟ್ಟಗಾಗಿದ್ದರೆ ಮಾತ್ರ ಬೇಡ. ಗ್ಯಾಸ್ ತುಂಬಿ ಸೋಪಿನ ನೊರೆ ಹಚ್ಚಿದರೆ ಎಲ್ಲಿ ಸೋರುತ್ತದೋ ಅಲ್ಲಿ ಗುಳ್ಳೆ ಏಳುತ್ತದೆ. ನಮ್ಮಲ್ಲಿ ಅಡುಗೆ ಗ್ಯಾಸಿನವರು ಮಾಡುವುದೂ ಅದನ್ನೇ. ಹಾಗಾಗಿ ಪೀಪಾಯಿ ಹಳೆಯದು. ಒಂದು ಎಚ್ಚರಿಕೆ: ತೊಳೆಯಲು ಬ್ಲೀಚ್ ಬಳಸಬಾರದು, ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಕುಳಿ ಬೀಳಿಸುತ್ತದೆ.

ರಬ್ಬರ್ ರಿಂಗ್ ಒಂದು ಡಬ್ಬಿಗೆ ಐದು: ಮುಚ್ಚಳಕ್ಕೆ ದೊಡ್ಡದೊಂದು, ಎರಡು ಬಾಯಿಗಳಿಗೆ ಎರಡು, ಒಳಗಿನ ಎರಡು ಕೊಳವೆಗಳಿಗೆ ಎರಡು. ಹಳೆ ರಬ್ಬರಿನಲ್ಲಿ ಕೂಲ್‌ಡ್ರಿಂಕ್ಸಿನ ವಾಸನೆ ಕೂತುಬಿಟ್ಟಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಐದೂ ಸೇರಿ 4 ಡಾಲರ್. ಯೋಚಿಸುವುದೇ ಬೇಡ, ಹೊಸದು.

ಸಿಲಿಂಡರ್ ವಿಷಯ ಸ್ವಲ್ಪ ಗಂಭೀರ. ಪೀಪಾಯಿಯ ಒಳಗೆ ಬೇಕಾದ ಒತ್ತಡ ಸುಮಾರು 12 ಪಿಎಸ್‌ಐ. ಬೈಕಿನ ಟಯರಿಗೆ "ಮೂವತ್ತು ಹಾಕಿ" ಅನ್ನುತ್ತೀವಲ್ಲ, ಅದೇ ಮಾಪನ. ಅಂದರೆ ಟಯರಿನ ಅರ್ಧಕ್ಕಿಂತ ಕಡಿಮೆ, ಕುಕ್ಕರ್ ಸೀಟಿ ಹೊಡೆಯುವ ಒತ್ತಡಕ್ಕಿಂತಲೂ ಕಡಿಮೆ. ಆದರೆ ಸಿಲಿಂಡರ್ ಒಳಗೆ ಕಾರ್ಬನ್ ಡೈಆಕ್ಸೈಡ್ ದ್ರವರೂಪದಲ್ಲಿ ಇರುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಅಲ್ಲಿನ ಒತ್ತಡ 850 ಪಿಎಸ್‌ಐ ಆಸುಪಾಸು, ಪೀಪಾಯಿಯ ಎಪ್ಪತ್ತು ಪಟ್ಟು! ಇದನ್ನು ಮನೆಯಲ್ಲಿ ಪರೀಕ್ಷಿಸಲು ಆಗುವುದಿಲ್ಲ. ಆದರೆ ಬೇರೆಯವರು ಪರೀಕ್ಷಿಸಿದ ದಾಖಲೆ ಅದರ ಮೈಮೇಲೇ ಇರುತ್ತದೆ. ಅಮೆರಿಕದ ಸಾರಿಗೆ ಇಲಾಖೆಯ ನಿಯಮದಂತೆ ಇಂಥ ಸಿಲಿಂಡರ್‌ಗೆ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು, ಆದ ತಿಂಗಳು ಮತ್ತು ವರ್ಷವನ್ನು ಹೆಗಲಿನ ಮೇಲೆ ಕೊರೆಯಬೇಕು. ಅವಧಿ ಮುಗಿದಿದ್ದರೆ ಗ್ಯಾಸ್ ತುಂಬುವವರು ಮುಟ್ಟುವುದಿಲ್ಲ. ಹಾಗಾಗಿ 20 ಡಾಲರಿಗೆ ಸಿಕ್ಕಿದ ಅವಧಿ ಮೀರಿದ ಸಿಲಿಂಡರ್, ಪರೀಕ್ಷೆಯ ಖರ್ಚು ಸೇರಿಸಿದರೆ ಅಗ್ಗವೇ ಅಲ್ಲ.

ನಿಮ್ಮ ಮನೆಯ ಅಡುಗೆ ಸಿಲಿಂಡರ್ ನೋಡಿ. ಹಿಡಿಕೆಯ ಒಳಭಾಗದ ಪಟ್ಟಿಯಲ್ಲಿ 'ಎ', 'ಬಿ', 'ಸಿ', 'ಡಿ' ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಎರಡಂಕಿಯ ವರ್ಷ ಇರುತ್ತದೆ. 'ಎ' ಅಂದರೆ ಜನವರಿಯಿಂದ ಮಾರ್ಚ್, 'ಡಿ' ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಮುಂದಿನ ಪರೀಕ್ಷೆ ಆಗಬೇಕಾದ ಗಡುವು ಅದು. ಸಿಲಿಂಡರ್ ತಂದವರು ಹೋಗುವ ಮೊದಲೇ ಓದಿಕೊಳ್ಳಿ.

ಭಾವನಿಗೆ ಹತ್ತಿರದಲ್ಲೇ 50 ಡಾಲರಿಗೆ ಒಂದು 5 ಪೌಂಡಿನ ಅಲ್ಯೂಮಿನಿಯಂ ಸಿಲಿಂಡರ್ ಸಿಕ್ಕಿತು. ಫೋಟೊ ಕಳಿಸಿದರು. ನಾನು ದೊಡ್ಡದು ಮಾಡಿ ದಿನಾಂಕ ಓದಿದೆ. ಇನ್ನೂ ಮೂರು ವರ್ಷ ಬಾಕಿ ಇತ್ತು. ಹಳೆಯದು, ಸರಿ.

ರೆಗ್ಯುಲೇಟರ್ ಮಾತ್ರ ಹೊಸದೇ ಬೇಕು ಅಂತ ಹಟ ಹಿಡಿದೆ. 850 ಅನ್ನು 12ಕ್ಕೆ ಇಳಿಸುವುದು ಇದೇ. ಒಳಗೆ ಒಂದು ತೆಳು ಪೊರೆ, ಒಂದು ಸ್ಪ್ರಿಂಗ್, ಒಂದು ಸಣ್ಣ ಕವಾಟ. ಪೊರೆ ಸವೆದಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ, ಮೈಮೇಲೆ ದಿನಾಂಕವೂ ಇರುವುದಿಲ್ಲ. "ಹಳೇದು 25 ಡಾಲರಿಗೆ ಇದೆ ಮಾರಾಯ್ತಿ" ಅಂದರು ಭಾವ. "ನಲವತ್ತು ಡಾಲರ್ ಉಳಿಸೋಕೆ ನಿಮಗೆ ಕಾಣದೇ ಇರೋ ಪೊರೆನ ನಂಬ್ತೀರಾ ಭಾವ?" ಅಂದೆ. 65 ಕೊಟ್ಟು ಹೊಸದು ತಂದರು. ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗಳಿಗೆ 'ಸಿಜಿಎ-320' ಅನ್ನುವ ನಿಗದಿತ ಜೋಡಣೆ ಇದೆ. ಬೇರೆ ಗ್ಯಾಸಿನ ರೆಗ್ಯುಲೇಟರ್ ಅದಕ್ಕೆ ಕೂರಬಾರದು ಅಂತಲೇ ಹಾಗೆ ಮಾಡಿದ್ದಾರೆ. ನಡುವೆ ಒಂದು ಚಿಕ್ಕ ವಾಷರ್ ಇರುತ್ತದೆ. ಅದಿಲ್ಲದಿದ್ದರೆ ರಾತ್ರಿ ಬೆಳಗಾಗುವಷ್ಟರಲ್ಲಿ ಸಿಲಿಂಡರ್ ಖಾಲಿ.

ಒತ್ತಡದ ವಿಷಯದಲ್ಲಿ ನನ್ನ ಹಟಕ್ಕೆ ಕಾರಣವಿದೆ. 2012ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಬಿಯರ್ ಕಾರ್ಖಾನೆಯೊಂದರಲ್ಲಿ ಪ್ಲಾಸ್ಟಿಕ್ ಕೆಗ್ಗನ್ನು ಒತ್ತಡದ ಗಾಳಿ ಹಾಯಿಸಿ ಸ್ವಚ್ಛ ಮಾಡುತ್ತಿದ್ದಾಗ ಅದು ಸಿಡಿದು ಒಬ್ಬ ಯುವ ಕೆಲಸಗಾರ ತೀರಿಕೊಂಡ. ಖಾಲಿ ಡಬ್ಬಿ ತಾನೇ ಅನ್ನಿಸುತ್ತದೆ. ಅದರೊಳಗಿನ ಗಾಳಿಗೆ ಎಷ್ಟು ಬಲವಿದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ.

ಹತ್ತು ಪುಟಾಣಿ ಗುಂಡು

ಸಿಲಿಂಡರ್, ರೆಗ್ಯುಲೇಟರ್ ಎರಡೂ ಬಿಟ್ಟುಬಿಡುವ ಒಂದು ಉಪಾಯ ಭಾವನ ಕಣ್ಣಿಗೆ ಬಿತ್ತು. ಬಂದೂಕಿನ ಗುಂಡಿನ ಆಕಾರದ 16 ಗ್ರಾಂ ಗ್ಯಾಸ್ ಕಾರ್ಟ್ರಿಜ್, ಅದನ್ನು ಚುಚ್ಚುವ ಒಂದು ಸಣ್ಣ ಉಪಕರಣ. ಉಪಕರಣಕ್ಕೆ 25 ಡಾಲರ್, ಹತ್ತು ಕಾರ್ಟ್ರಿಜ್‌ಗೆ 20. "ನಲವತ್ತೈದಕ್ಕೆ ಮುಗೀತಲ್ಲ!" ಅಂದರು.

ನಾನು ಲೆಕ್ಕಕ್ಕೆ ಕೂತೆ. ಬಿಯರಿಗೆ ಬೇಕಾದ ನೊರೆಗುಣಕ್ಕೆ ಒಂದು ಲೀಟರಿನಲ್ಲಿ ಸುಮಾರು ಎರಡೂವರೆ ಲೀಟರ್ ಗ್ಯಾಸ್ ಕರಗಬೇಕು. 19 ಲೀಟರಿಗೆ 47.5 ಲೀಟರ್ ಗ್ಯಾಸ್. 22.4ರಿಂದ ಭಾಗಿಸಿ 44ರಿಂದ ಗುಣಿಸಿದರೆ 93 ಗ್ರಾಂ. ಪಿಯುಸಿ ಕೆಮಿಸ್ಟ್ರಿಯ ಮೋಲ್ ಲೆಕ್ಕ, ಅಷ್ಟೇ. ಆಮೇಲೆ ಬಿಯರ್ ಬಗ್ಗಿಸುತ್ತಾ ಹೋದಂತೆ ಖಾಲಿಯಾದ ಜಾಗವನ್ನೂ 12 ಪಿಎಸ್‌ಐ ಗ್ಯಾಸ್ ತುಂಬಬೇಕಲ್ಲ, ಅದಕ್ಕೆ ಇನ್ನೊಂದು 67 ಗ್ರಾಂ. ಒಟ್ಟು 160 ಗ್ರಾಂ. ಅಂದರೆ ಒಂದು ಪೀಪಾಯಿಗೆ ಸರಿಯಾಗಿ ಹತ್ತು ಕಾರ್ಟ್ರಿಜ್, 20 ಡಾಲರ್!

5 ಪೌಂಡಿನ ಸಿಲಿಂಡರಿನಲ್ಲಿ 2,270 ಗ್ರಾಂ ಇರುತ್ತದೆ. ಹದಿನಾಲ್ಕು ಪೀಪಾಯಿಗೆ ಆಗುತ್ತದೆ. ತುಂಬಿಸಲು 25 ಡಾಲರ್, ಪೀಪಾಯಿಗೆ ಎರಡು ಡಾಲರೂ ಬೀಳುವುದಿಲ್ಲ. ಸಿಲಿಂಡರ್, ರೆಗ್ಯುಲೇಟರ್, ಗ್ಯಾಸ್ ಸೇರಿ 140 ಡಾಲರ್ ಖರ್ಚಾದರೂ ಆರನೇ ಪೀಪಾಯಿ ಹೊತ್ತಿಗೆ ಕಾರ್ಟ್ರಿಜ್ ದಾರಿಯೇ ದುಬಾರಿಯಾಗಿರುತ್ತದೆ. ತಿಂಗಳಿಗೊಂದರಂತೆ ಮಾಡುವ ಭಾವನಿಗೆ ಆರೇ ತಿಂಗಳು. ವರ್ಷಕ್ಕೊಮ್ಮೆ ಮಾಡುವವರಾಗಿದ್ದರೆ ನಾನೇ ಕಾರ್ಟ್ರಿಜ್ ತಗೊಳ್ಳಿ ಅನ್ನುತ್ತಿದ್ದೆ. ಪ್ರಿಂಟರ್ ಕೊಳ್ಳುವಾಗ ಇಂಕಿನ ಬೆಲೆ ನೋಡಬೇಕು ಅನ್ನುವುದೂ ಇದೇ ಲೆಕ್ಕ.

ಇನ್ನೊಂದು ತಮಾಷೆ. ಸಿಲಿಂಡರಿನ ಮೀಟರ್ ನೋಡಿ ಎಷ್ಟು ಗ್ಯಾಸ್ ಉಳಿದಿದೆ ಅಂತ ಹೇಳಲು ಬರುವುದಿಲ್ಲ. ಒಳಗೆ ಒಂದು ಲೋಟ ದ್ರವ ಉಳಿದಿದ್ದರೂ ಮುಳ್ಳು ಅದೇ 850ರ ಹತ್ತಿರ ನಿಂತಿರುತ್ತದೆ. ದ್ರವ ಮುಗಿದ ಮೇಲೆ ದಿಢೀರನೆ ಬೀಳುತ್ತದೆ. ಹಾಗಾಗಿ ತೂಕ ಹಾಕಬೇಕು. ಖಾಲಿ ಸಿಲಿಂಡರಿನ ತೂಕವೂ ಮೈಮೇಲೆ ಕೊರೆದಿರುತ್ತದೆ.

ಮೂವತ್ತು ಡಾಲರಿನ ದೊಡ್ಡ ಪೀಪಾಯಿ

ನಡುವೆ ಒಂದು ಜಾಹೀರಾತು ಭಾವನ ನಿದ್ದೆ ಕೆಡಿಸಿತು. ಬಾರ್‌ಗಳಲ್ಲಿ ಇರುವಂಥ 58 ಲೀಟರಿನ ದೊಡ್ಡ ಕೆಗ್, ಕೇವಲ 30 ಡಾಲರ್. ಫೋಟೊದಲ್ಲಿ ಅದರ ಕುತ್ತಿಗೆಯ ಮೇಲೆ ಬಿಯರ್ ಕಂಪನಿಯ ಹೆಸರು ಉಬ್ಬಾಗಿ ಅಚ್ಚಾಗಿತ್ತು. ಅಲ್ಲಿ ಪಾರ್ಟಿಗೆ ಕೆಗ್ ಒಯ್ಯುವವರು ಅಂಗಡಿಗೆ ಠೇವಣಿ ಕಟ್ಟುತ್ತಾರೆ. ನಮ್ಮೂರಲ್ಲಿ ಸೋಡಾ ಬಾಟಲಿಗೆ ಕಟ್ಟುತ್ತಿದ್ದ ಹಾಗೆ. ವಾಪಸ್ ಕೊಡದೆ ಠೇವಣಿ ಬಿಟ್ಟುಬಿಟ್ಟರೆ ಡಬ್ಬಿ ನಮ್ಮದಾಯಿತು ಅಂತ ಕೆಲವರು ತಿಳಿಯುತ್ತಾರೆ. ಆಗುವುದಿಲ್ಲ. ಠೇವಣಿ ಬೆಲೆಯಲ್ಲ, ಡಬ್ಬಿ ಕಂಪನಿಯದ್ದೇ. ಹೊಸ ಕೆಗ್ಗಿನ ಬೆಲೆ ಠೇವಣಿಯ ಎಷ್ಟೋ ಪಟ್ಟು, ಆ ನಷ್ಟ ಸಣ್ಣ ಬಿಯರ್ ತಯಾರಕರ ತಲೆಗೆ.

ಇಲ್ಲಿ ನನ್ನ ಲೆಕ್ಕ ಬೇಕಾಗಲಿಲ್ಲ. ಅಕ್ಕ ಒಂದೇ ಮಾತು ಹೇಳಿದಳು: "ವೀಸಾ ಮೇಲಿರೋರು ನಾವು. ಇನ್ನೊಬ್ಬರ ಹೆಸರು ಬರೆದಿರೋ ಸಾಮಾನು ಈ ಮನೆ ಹೊಸಿಲು ದಾಟಬಾರದು." ಬಿಲ್ ಇಲ್ಲದ ಸೆಕೆಂಡ್ ಹ್ಯಾಂಡ್ ಮೊಬೈಲ್ ಅರ್ಧ ಬೆಲೆಗೆ ಸಿಕ್ಕಿತು ಅಂತ ಹಿಗ್ಗುವ ನಮ್ಮ ಹಾಸ್ಟೆಲ್ ಗೆಳೆಯರಿಗೂ ಈ ಮಾತು ಸಲ್ಲುತ್ತದೆ.

ಮಗು ಮಲಗುವ ಕೋಣೆ

ಎಲ್ಲಾ ಮುಗಿಯಿತು ಅನ್ನುವಾಗ ಭಾವ ಫ್ರಿಜ್ ಇರುವ ಜಾಗದ ವಿಡಿಯೊ ತೋರಿಸಿದರು. ಸಣ್ಣ ಕೋಣೆ, ಒಂದೇ ಕಿಟಕಿ, ಗೋಡೆಗೆ ಹೊಂದಿಕೊಂಡು ಫ್ರಿಜ್. ಎದುರಿಗೆ ತೊಟ್ಟಿಲು.

ಕೋಣೆ ಎಷ್ಟು ದೊಡ್ಡದು ಅಂತ ಕೇಳಿದೆ. 10 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರ. 800 ಘನ ಅಡಿ, ಸುಮಾರು 22,600 ಲೀಟರ್ ಗಾಳಿ. ಸಿಲಿಂಡರಿನ 2,270 ಗ್ರಾಂ ಪೂರ್ತಿ ಸೋರಿದರೆ ಸುಮಾರು 1,240 ಲೀಟರ್ ಗ್ಯಾಸ್ ಆಗುತ್ತದೆ. ಭಾಗಿಸಿದರೆ ಶೇ 5.5. ಕಾರ್ಬನ್ ಡೈಆಕ್ಸೈಡ್ ಶೇ 4 ಮುಟ್ಟಿದರೆ ಜೀವಕ್ಕೆ ತಕ್ಷಣದ ಅಪಾಯ ಅಂತ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ ಗುರುತಿಸಿದೆ. ಅದೂ ಕೆಲಸ ಮಾಡುವ ದೊಡ್ಡವರ ಲೆಕ್ಕದಲ್ಲಿ. ಈ ಗ್ಯಾಸಿಗೆ ಬಣ್ಣ ಇಲ್ಲ, ಅಡುಗೆ ಗ್ಯಾಸಿಗೆ ಬೆರೆಸುವ ಹಾಗೆ ವಾಸನೆಯನ್ನೂ ಬೆರೆಸಿರುವುದಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದಾಗ ಮೊದಲು ಕೆಳಮಟ್ಟದಲ್ಲೇ ಸೇರುತ್ತದೆ.

ಬಾಗಿಲ ಸಂದಿಯಿಂದ ಸ್ವಲ್ಪ ಹೊರಹೋಗುತ್ತದೆ, ನಿಧಾನವಾಗಿ ಸೋರಿದರೆ ಅಷ್ಟಕ್ಕೆ ಏರದೇ ಇರಬಹುದು, ನಿಜ. ಆದರೆ ಓಹಿಯೋದ ಚಳಿಯಲ್ಲಿ ಕಿಟಕಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ನಾನು ಲೆಕ್ಕದ ಹಾಳೆಯ ಫೋಟೊ ಕಳಿಸಿದೆ. ಎರಡು ನಿಮಿಷ ಆ ಕಡೆಯಿಂದ ಉತ್ತರವಿಲ್ಲ. ಆಮೇಲೆ ಅಕ್ಕನ ಫೋನ್: "ಫ್ರಿಜ್ ಎಲ್ಲಿಡ್ಬೇಕು ಹೇಳೇ."

ಅಡುಗೆಮನೆ ಸೇರಿಕೊಂಡಿರುವ ತೆರೆದ ಹಾಲ್ 20 ಅಡಿಗೆ 18 ಅಡಿ. ಅಲ್ಲಿ ಅದೇ ಲೆಕ್ಕ ಹಾಕಿದರೆ ಶೇ 1.5ರ ಹತ್ತಿರ ಬರುತ್ತದೆ. ಇದೂ ನಿಶ್ಚಿಂತೆಯ ಅಂಕಿಯಲ್ಲ. ಹಾಗಾಗಿ ಇನ್ನೆರಡು ನಿಯಮ ಹಾಕಿಕೊಂಡೆವು. ಒಂದು, ಬಿಯರಿಗೆ ಗ್ಯಾಸ್ ಹಿಡಿದ ಮೇಲೆ ಸಿಲಿಂಡರಿನ ಮೇಲ್ಗಡೆಯ ವಾಲ್ವ್ ಮುಚ್ಚಿಡುವುದು, ಬಗ್ಗಿಸುವಾಗ ಬೇಕಾದರೆ ಮಾತ್ರ ತೆರೆಯುವುದು. ಅಮ್ಮ ರಾತ್ರಿ ಮಲಗುವ ಮುನ್ನ ಗ್ಯಾಸ್ ರೆಗ್ಯುಲೇಟರ್ ತಿರುಗಿಸುತ್ತಾಳಲ್ಲ, ಅದೇ ಅಭ್ಯಾಸ. ಎರಡು, ಕಾರ್ಬನ್ ಡೈಆಕ್ಸೈಡ್ ಅಲಾರಂ. ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಈ ಗ್ಯಾಸನ್ನು ಹಿಡಿಯುವುದಿಲ್ಲ. ಹೆಸರು ಒಂದೇ ಥರ ಕೇಳಿಸಿದರೂ ಎರಡೂ ಬೇರೆ. "ಬಜೆಟ್ ದಾಟ್ತದಲ್ಲ?" ಅಂತ ಭಾವ ಅಳುಕಿದರೆ ಅಕ್ಕ, "ಅದನ್ನ ಬಿಯರ್ ಲೆಕ್ಕಕ್ಕೆ ಹಾಕಬೇಡಿ, ಮಗಳ ಲೆಕ್ಕಕ್ಕೆ ಹಾಕ್ತೀನಿ" ಅಂದಳು.

ಎಂಟು ಡಾಲರಿನ ಕೊಳವೆ

ಕೊನೆಯದು ನನ್ನ ಇಷ್ಟದ ಭಾಗ. ಪೀಪಾಯಿಯಿಂದ ನಲ್ಲಿಗೆ ಹೋಗುವ ಕೊಳವೆ. ಭಾವನ ಬಳಿ ಒಳವ್ಯಾಸ ಕಾಲು ಇಂಚಿನ ಪ್ಲಾಸ್ಟಿಕ್ ಪೈಪು ಬಿಟ್ಟಿ ಬಿದ್ದಿತ್ತು. ಬಿಯರಿಗೆ ಹೇಳುವುದು 3/16 ಇಂಚಿನದ್ದು, ಸುಮಾರು 10 ಅಡಿ. "ಒಂದು ಕೂದಲಿನಷ್ಟು ವ್ಯತ್ಯಾಸಕ್ಕೆ ಯಾಕೆ 8 ಡಾಲರ್?" ಅಂದರು.

ಪೀಪಾಯಿಯಲ್ಲಿನ 12 ಪಿಎಸ್‌ಐ ಒತ್ತಡ ನಲ್ಲಿ ಮುಟ್ಟುವಷ್ಟರಲ್ಲಿ ಕೊಳವೆಯ ಘರ್ಷಣೆಯಲ್ಲಿ ಕರಗಬೇಕು. ಇಲ್ಲದಿದ್ದರೆ ಬಿಯರ್ ರಭಸದಿಂದ ಚಿಮ್ಮಿ ಲೋಟದ ತುಂಬಾ ನೊರೆಯೇ. ಈ ವೇಗದಲ್ಲಿ ಹರಿವು ಟರ್ಬುಲೆಂಟ್. ಡಾರ್ಸಿ-ವೈಸ್‌ಬಾಕ್ ಸೂತ್ರದ ಪ್ರಕಾರ ಅಷ್ಟೇ ಹರಿವಿಗೆ ಒತ್ತಡದ ಇಳಿತ ವ್ಯಾಸದ ಐದನೇ ಘಾತಕ್ಕೆ ಹತ್ತಿರಹತ್ತಿರ ವಿಲೋಮ. ಕಾಲು ಇಂಚು 3/16ರ 1.33 ಪಟ್ಟು. 1.33ರ ಐದನೇ ಘಾತ 4.2. ಅಂದರೆ 10 ಅಡಿ ಮಾಡುವ ಕೆಲಸಕ್ಕೆ ಬಿಟ್ಟಿ ಪೈಪು 40 ಅಡಿಗೂ ಹೆಚ್ಚು ಬೇಕು. ಫ್ರಿಜ್ಜಿನಲ್ಲಿ ಹಾವಿನ ಹಾಗೆ ಸುತ್ತಿಡುತ್ತೀರಾ ಅಂದೆ. ಸುಮ್ಮನೆ 8 ಡಾಲರ್ ಕೊಟ್ಟರು.

ಕೊನೆಗೆ ಬಿಲ್ ಹೀಗಾಯಿತು: ಹಳೆ ಪೀಪಾಯಿ 60, ರಿಂಗ್ 4, ಹಳೆ ಸಿಲಿಂಡರ್ 50, ಗ್ಯಾಸ್ 25, ಹೊಸ ರೆಗ್ಯುಲೇಟರ್ 65, ಎರಡು ಕನೆಕ್ಟರ್ 16, ಕೊಳವೆ 8, ಪ್ಲಾಸ್ಟಿಕ್ ನಲ್ಲಿ 6. ಒಟ್ಟು 234 ಡಾಲರ್. ಅಕ್ಕನ ಗಡಿಯೊಳಗೇ.

ಖಾಲಿ ಪೀಪಾಯಿಗೆ 30 ಪಿಎಸ್‌ಐ ಕೊಟ್ಟು ಮುಚ್ಚಳ ಕೂರಿಸಿ, ಸೋಪಿನ ನೊರೆ ಹಚ್ಚಿ, ಸಂಜೆ ಸಿಲಿಂಡರ್ ತೂಕ ಮಾಡಿ, ಬೆಳಿಗ್ಗೆ ಮತ್ತೆ ಮಾಡಿದರು. ಒಂದೇ ತೂಕ. ಆಮೇಲೆ ಬಿಯರ್ ತುಂಬಿ, ಫ್ರಿಜ್ಜನ್ನು 3 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, 12 ಪಿಎಸ್‌ಐ ಕೊಟ್ಟು ಒಂದು ವಾರ ಬಿಟ್ಟರು. ತಂಪಾಗಿದ್ದಷ್ಟೂ ದ್ರವದಲ್ಲಿ ಗ್ಯಾಸ್ ಹೆಚ್ಚು ಕರಗುತ್ತದೆ. ಅದೇ ನೊರೆಗುಣ 20 ಡಿಗ್ರಿಯಲ್ಲಿ ಬೇಕೆಂದರೆ 27 ಪಿಎಸ್‌ಐ ದಾಟಬೇಕು. ಪಿಯುಸಿಯಲ್ಲಿ ಓದಿದ ಹೆನ್ರಿ ನಿಯಮ ಇದೇ. ಮೊದಲ ಲೋಟದ ಫೋಟೊ ಬಂತು, ಎರಡು ಬೆರಳಷ್ಟೇ ನೊರೆ. ಅಪ್ಪನಿಗೆ ತೋರಿಸುವ ಧೈರ್ಯ ನನಗೆ ಬರಲಿಲ್ಲ ಬಿಡಿ.

ನಮಗೇನು ಇದರಿಂದ?

ಕೆಲಸ ಹುಡುಕುತ್ತಿರುವ ಗೆಳೆಯರೇ, ಅಮೆರಿಕದಲ್ಲಿ ಮನೆಬಿಯರಿನವರ ಸಂಘವನ್ನು 1978ರಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಚಾರ್ಲಿ ಪಪೇಜಿಯನ್ ಓದಿದ್ದು ನ್ಯೂಕ್ಲಿಯರ್ ಎಂಜಿನಿಯರಿಂಗ್. ಓದಿದ್ದು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಸ್ಟೀಲ್ ಪಾತ್ರೆ, ಒತ್ತಡ, ರಬ್ಬರ್ ಸೀಲ್, ಸ್ವಚ್ಛತೆ ಇವೆಲ್ಲ ಡೇರಿಯಲ್ಲೂ ಇವೆ, ಔಷಧ ಕಾರ್ಖಾನೆಯಲ್ಲೂ ಇವೆ, ಪರವಾನಗಿ ಪಡೆದ ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲೂ ಇವೆ. ಇಂಟರ್‌ವ್ಯೂನಲ್ಲಿ ಡಾರ್ಸಿ-ವೈಸ್‌ಬಾಕ್ ಎಲ್ಲಿ ಬಳಸುತ್ತೀರಿ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಎಂಟು ಡಾಲರಿನ ಉತ್ತರ ಇದೆ.

ಇನ್ನು ಆ ಸೂತ್ರ. ನಮ್ಮ ಪೈಕಿ ಬಹುತೇಕರು ಮೊದಲ ಸಂಬಳ ಬರುವವರೆಗೆ ಹಳೆಯದನ್ನೇ ಕೊಳ್ಳುವವರು. ಅದರಲ್ಲಿ ನಾಚಿಕೆ ಏನಿಲ್ಲ. ಸೆಕೆಂಡ್ ಹ್ಯಾಂಡ್ ಪುಸ್ತಕ, ಸೈಕಲ್, ಮೇಜು, ಕುರ್ಚಿ ಧಾರಾಳವಾಗಿ ತಗೊಳ್ಳಿ, ಎಲ್ಲ ಕಣ್ಣಿಗೆ ಕಾಣುತ್ತದೆ. ಲ್ಯಾಪ್‌ಟಾಪ್ ತಗೊಳ್ಳಿ, ಆದರೆ ಒಂದು ಗಂಟೆ ಓಡಿಸಿ ನೋಡಿ, ಬಿಲ್ ಕೇಳಿ. ಬೈಕ್ ತಗೊಳ್ಳಿ, ದಾಖಲೆ ಓದಿ, ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ. ಹೆಲ್ಮೆಟ್ ಮಾತ್ರ ಹಳೆಯದು ಬೇಡ. ಒಮ್ಮೆ ಬಿದ್ದ ಹೆಲ್ಮೆಟ್ಟಿನ ಒಳಗೆ ಏನಾಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಮತ್ತೆ ಬಿದ್ದಾಗಲೇ ಗೊತ್ತಾಗುವುದು. ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದನ್ನು ನಾನೇ ಪರೀಕ್ಷಿಸಬಲ್ಲೆನೇ?